ಊರು ಕಳೆದುಕೊಂಡ ಸಂದೇಶ

"ಯಕ್ಕಾ, ನಮ್ಮ ಓಣ್ಯಾಗ ನಳದ ನೀರು ವಾಸನಿ ಬರಾಕತ್ತಾವ. ಕಾಸಲಾರದ ಕುಡೀಬ್ಯಾಡ್ರಿ." ವಾಟ್ಸ್ಆ್ಯಪ್‌ನಲ್ಲಿ ಬರುವ ಇಂಥ ಧ್ವನಿ ಸಂದೇಶವನ್ನು ನಾನು ಒಳ್ಳೆಯ ಆರೋಗ್ಯ ಸಾಹಿತ್ಯವೆಂದೇ ಎಣಿಸುತ್ತೇನೆ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅಂಥದೇ ನೀರು ಒಂದು ಮಗುವನ್ನು ಬಲಿ ತೆಗೆದುಕೊಂಡಿತು. ಇಂಥ ಕಡೆ ಓಣಿಯ ಹೆಸರು ಹೇಳುವ ಪರಿಚಿತ ದನಿ ಜೀವ ಉಳಿಸಬಲ್ಲದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60 ಮುಟ್ಟಿರಲಿಲ್ಲ. ಓದಲು ಬಾರದ ಅವ್ವನಿಗೂ ಆ ದನಿ ತಲುಪುತ್ತದೆ.

ಆದರೆ ಅದೇ ಮಾತು ಫಾರ್ವರ್ಡ್ ಆಗುತ್ತ ಊರನ್ನು ಕಳೆದುಕೊಳ್ಳುತ್ತದೆ. 'ನೀರು ಕಾಸಿ ಕುಡಿಯಿರಿ, ಎಲ್ಲ ವಿಷ ಹೋಗುತ್ತದೆ' ಎಂದಾಗುತ್ತದೆ. ಮಾನ್ವಿ, ದೇವದುರ್ಗದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿರುವುದು ಫ್ಲೋರೈಡ್. ಕಾಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ನಗರದಲ್ಲಿ ಜೀವ ಕಾಯ್ದ ಸಲಹೆ ಹಳ್ಳಿಗೆ ಬಂದು ಮಕ್ಕಳ ಹಲ್ಲು, ಮೂಳೆ ಕೆಡಿಸುವ ನೀರಿಗೆ ನಂಬಿಕೆಯ ಮುದ್ರೆ ಒತ್ತುತ್ತದೆ. ಸಕ್ಕರೆ ಕಾಯಿಲೆಗೆ ಎಲೆಯ ರಸ ಹೇಳುವ ವಿಡಿಯೊಗಳಿಗಿಂತ ಈ ಅರೆನಿಜವೇ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ.

ಸಂದೇಶಕ್ಕೆ ಊರು ಬೇಕು ನಿಜ, ಆದರೆ ವಿಳಾಸ ಬೇಕಾದ್ದು ನೀರಿಗೆ, ರೋಗಿಗಲ್ಲ. 2022ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲ್ಲೂಕಿನ ಐದು ವರ್ಷದ ಬಾಲಕಿಯಲ್ಲಿ ಸೊಳ್ಳೆಯಿಂದ ಹರಡುವ ಝೀಕಾ ಸೋಂಕಿನ ರಾಜ್ಯದ ಮೊದಲ ಪ್ರಕರಣ ದೃಢಪಟ್ಟಿತು. ಅಂಥ ಹೊತ್ತಿನಲ್ಲಿ ಮಗು ಯಾವ ಮನೆಯದು ಎಂದು ಹುಡುಕುವುದರಿಂದ ಯಾರಿಗೂ ಲಾಭವಿಲ್ಲ. ಹಗಲು ಕಚ್ಚುವ ಸೊಳ್ಳೆಯ ಮಾತು, ಬಸುರಿಯರು ವಹಿಸಬೇಕಾದ ಎಚ್ಚರ, ನಳ ಬಾರದ ದಿನಗಳಿಗೆಂದು ತುಂಬಿಟ್ಟ ಡ್ರಮ್ಮಿಗೆ ಮುಚ್ಚಳ ಹಾಕುವ ಮಾತು ಮನೆಮನೆಗೆ ಮುಟ್ಟಬೇಕಿತ್ತು.

ಇನ್ನೊಂದು ತೊಡಕಿದೆ. ಮೊಬೈಲಿನ ಕ್ಯಾಮೆರಾ ಕೆಸರು ನೀರನ್ನು ಚೆನ್ನಾಗಿ ತೋರಿಸುತ್ತದೆ. ಫ್ಲೋರೈಡ್ ಇರುವ ನೀರು ಕನ್ನಡಿಯಷ್ಟು ತಿಳಿಯಾಗಿರಬಹುದು, ಅದನ್ನು ಯಾರೂ ವಿಡಿಯೊ ಮಾಡುವುದಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆಯೇ ಎಂದು ಹೇಳುವುದು ಪ್ರಯೋಗಾಲಯದ ಕಾಗದ. ಊರಿನ ಗುಂಪುಗಳಲ್ಲಿ ನಾನು ನೋಡಬಯಸುವುದು ಆ ಕಾಗದದ ಫೋಟೊ, ಪಕ್ಕದಲ್ಲಿ ಆ ಬೋರ್‌ವೆಲ್‌ನ ಫೋಟೊ, ಜೊತೆಗೆ ಆಶಾ ಕಾರ್ಯಕರ್ತೆಯ ದನಿ: "ಈ ನೀರು ಬಟ್ಟಿ ಒಗಿಯಾಕ ಅಷ್ಟ. ಕುಡಿಯಾಕ, ಅಡಗಿಗೆ ಶುದ್ಧ ನೀರಿನ ಘಟಕದ್ದ ತರ್ರಿ."