ನಾವು ನೋಡಿದ ಪ್ರತಿ ಯಾವುದು?

ಪೈರಸಿಯ ಬಗ್ಗೆ ಕನ್ನಡದಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಬಿಡುಗಡೆಯ ವಾರದ ಚರ್ಚೆ. 2019ರ ಸೆಪ್ಟೆಂಬರಿನಲ್ಲಿ ‘ಪೈಲ್ವಾನ್’ ತೆರೆಗೆ ಬಂದ ಬೆನ್ನಲ್ಲೇ ಅಂತರ್ಜಾಲಕ್ಕೆ ಸೋರಿತು. ಕಳ್ಳತನದಿಂದ ಶುರುವಾದ ಮಾತು ಅಭಿಮಾನಿಗಳ ಜಗಳಕ್ಕೆ ತಿರುಗಿತು. ಇಂಥ ಸಂದರ್ಭದಲ್ಲಿ ನನಗೆ ಗೊಂದಲವಿಲ್ಲ. ಚಿತ್ರಮಂದಿರದಲ್ಲಿ ಓಡುತ್ತಿರುವ ಸಿನಿಮಾವನ್ನು ಟೆಲಿಗ್ರಾಂನಲ್ಲಿ ನೋಡುವುದು ತಪ್ಪು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆ ಕದ್ದು ಚಿತ್ರೀಕರಿಸಿದವರಿಗೆ 3 ತಿಂಗಳಿಂದ 3 ವರ್ಷದವರೆಗೆ ಸಜೆ ಹೇಳುತ್ತದೆ, ಮನೆಯಲ್ಲಿ ಕೂತು ನೋಡುವವರ ಬಗ್ಗೆ ಸುಮ್ಮನಿದೆ. ಆ ಮೌನವನ್ನು ಅನುಮತಿ ಎಂದು ಓದಬೇಕಿಲ್ಲ.

ನಮ್ಮ ಸೊಕ್ಕೆಯಲ್ಲಿ ಪ್ರಶ್ನೆ ಕೊಂಚ ಬದಲಾಗುತ್ತದೆ. ಹೊಸ ಸಿನಿಮಾಕ್ಕೆಂದು ಜಗಳೂರು ದಾಟಿ ದಾವಣಗೆರೆಗೆ ಬಸ್ಸು ಹಿಡಿದರೂ ಸಣ್ಣ ಬಜೆಟ್ಟಿನ ಚಿತ್ರ ಅಲ್ಲಿ ಎರಡನೇ ವಾರ ಇರುತ್ತದೆಂಬ ಖಾತ್ರಿಯಿಲ್ಲ. ಊರಿನ ಹುಡುಗರ ಕೈಗೆ ‘ತಿಥಿ’ ಬಂದದ್ದು ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡ ಮೆಮೊರಿ ಕಾರ್ಡಿನಲ್ಲಿ. ಮಂಡ್ಯದ ಹಳ್ಳಿಯವರೇ ನಟಿಸಿ, ಲೊಕಾರ್ನೊದಲ್ಲಿ ಬಹುಮಾನ ಗೆದ್ದ ಚಿತ್ರ ಇನ್ನೊಂದು ಹಳ್ಳಿ ತಲುಪಿದ ದಾರಿ ಅದು. ದೂರ ಎಂಬ ಕಾರಣ ನನಗೆ ಅರ್ಥವಾಗುತ್ತದೆ, ಆದರೂ ಪೂರ್ತಿ ಒಪ್ಪಲಾರೆ. ಸ್ಟಾರ್ ಸಿನಿಮಾ ಮೊದಲ ಮೂರು ದಿನದಲ್ಲೇ ಹಣ ಎತ್ತಿಕೊಳ್ಳಬಹುದು. ಬಾಯಿಂದ ಬಾಯಿಗೆ ಹರಡಿ ನಿಧಾನಕ್ಕೆ ಜನ ಸೇರಿಸಿಕೊಳ್ಳುವ ಚಿತ್ರಕ್ಕೆ ಆ ಅನುಕೂಲವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಹಳೆಯ ಚಿತ್ರಗಳು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲ. ಸ್ವರ್ಣಕಮಲ ಪಡೆದ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೊಸದಾಗಿ ಸಂಸ್ಕರಣಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡದ್ದು 2024ರಲ್ಲಿ. ಅದಕ್ಕೂ ಮೊದಲು ನನ್ನಂಥವರು ನೋಡಿದ್ದು ಯಾರೋ ಟಿವಿಯಿಂದ ಇಳಿಸಿ ಹಂಚಿದ ಮಸುಕು ಪ್ರತಿಯನ್ನು. ಇದರಿಂದ ಯಾರ ಗಲ್ಲಾಪೆಟ್ಟಿಗೆಯೂ ಬರಿದಾಗಲಿಲ್ಲ. ಒಳ್ಳೆಯ ಪ್ರತಿ ಒದಗಿಸದ ವ್ಯವಸ್ಥೆಯನ್ನು ಬಿಟ್ಟು ನೋಡುಗರನ್ನು ಕಳ್ಳರೆನ್ನುವುದು ನನಗೆ ಸರಿ ಕಾಣದು.

ನಷ್ಟ ಬೇರೆಡೆ ಆಗುತ್ತದೆ, ಅದಕ್ಕೆ ಹೊಣೆ ವಿಮರ್ಶಕರು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಕತ್ತಲೆಗೂ ಹಲವು ಹದಗಳಿವೆ. ಮಸುಕು ಪ್ರತಿಯಲ್ಲಿ ಅವೆಲ್ಲ ಒಂದೇ ಮಸಿ. ಅದನ್ನು ನೋಡಿ, ನಿರ್ದೇಶಕರು ಮುಖಗಳನ್ನು ಬೇಕೆಂದೇ ಕತ್ತಲಲ್ಲಿಟ್ಟಿದ್ದಾರೆ ಎಂದು ವ್ಯಾಖ್ಯಾನ ಬರೆದರೆ ಅದು ಕಾಸರವಳ್ಳಿಯವರ ವಿಮರ್ಶೆಯಲ್ಲ, ಕೆಟ್ಟ ಫೈಲೊಂದರ ವಿಮರ್ಶೆ. ಎಷ್ಟೋ ಕಳ್ಳಪ್ರತಿಗಳಲ್ಲಿ ಹೆಸರುಪಟ್ಟಿಯನ್ನೇ ಕತ್ತರಿಸಿರುತ್ತಾರೆ. ಸಂಕಲನಕಾರ, ಧ್ವನಿಗ್ರಾಹಕರು ಯಾರೆಂಬುದು ಅಲ್ಲಿಗೆ ಮುಗಿಯಿತು.

ಓಲೆಗರಿಯ ಕಾವ್ಯ ಸಂಪಾದಿಸುವವರು ಬಳಸಿದ ಪ್ರತಿ ಯಾವುದು, ಎಲ್ಲಿ ಗರಿ ಮುರಿದಿದೆ, ಎಲ್ಲಿ ಹುಳು ತಿಂದಿದೆ ಎಂದು ಮುನ್ನುಡಿಯಲ್ಲೇ ಹೇಳುತ್ತಾರೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ಓದಿ ಪರೀಕ್ಷೆ ಬರೆದವರೇ ಸಿನಿಮಾದ ಬಗ್ಗೆ ಬರೆಯುವಾಗ ಚಿತ್ರದ ಹೆಸರು, ವರ್ಷ ನಮೂದಿಸಿ ಮುಂದೆ ಹೋಗುತ್ತೇವೆ. ನನ್ನ ಮಹಾಪ್ರಬಂಧದಲ್ಲಿ ಒಂದೊಂದು ಚಿತ್ರದ ಮುಂದೂ ನೋಡಿದ ಪ್ರತಿಯ ಮೂಲ, ಅವಧಿ, ಕತ್ತರಿಸಿಹೋದ ಭಾಗ ಇವನ್ನೆಲ್ಲ ಬರೆಯುತ್ತಿದ್ದೇನೆ. ಕಳ್ಳಪ್ರತಿಯಾದರೆ ಕಳ್ಳಪ್ರತಿ ಎಂದೇ. ಇದು ಬೇಡದ ಅಪಾಯ ಎಂಬುದು ಮಾರ್ಗದರ್ಶಕರ ಆತಂಕ. ಮೌಖಿಕ ಪರೀಕ್ಷೆಯಲ್ಲಿ ಕೇಳುವವರು ಕೇಳಲಿ.