ಒಪ್ಪಂದದಲ್ಲಿ ಹೆಸರಿಲ್ಲದವರು: ‘ಫಾರ್ ಸಮಾ’ ನೋಡಿದ ಮೇಲೆ



ಯುದ್ಧದ ಸುದ್ದಿ ನಮ್ಮನ್ನು ತಲುಪುವುದು ಹೆಚ್ಚಾಗಿ ಮಂತ್ರಿಗಳ ಮತ್ತು ಸೇನಾನಿಗಳ ಮಾತಿನ ಮೂಲಕ. ಸಿರಿಯಾದ ಅಂತರ್ಯುದ್ಧವನ್ನು ಒಬ್ಬ ತಾಯಿಯ ಧ್ವನಿಯಲ್ಲಿ ಕೇಳಿಸುವ ಸಾಕ್ಷ್ಯಚಿತ್ರ ‘ಫಾರ್ ಸಮಾ’. ವಾದ್ ಅಲ್-ಕತೀಬ್ ಮತ್ತು ಎಡ್ವರ್ಡ್ ವಾಟ್ಸ್ ನಿರ್ದೇಶನದ ಈ ಚಿತ್ರ ಬಿಡುಗಡೆಯಾದದ್ದು 2019ರಲ್ಲಿ.

ಚಿತ್ರದ ಹಿನ್ನೆಲೆಯನ್ನು ಮೊದಲು ನೆನೆಯೋಣ. 2012ರಿಂದ ಅಲೆಪ್ಪೊ ನಗರದ ಪೂರ್ವಭಾಗ ಬಂಡುಕೋರರ ವಶದಲ್ಲಿತ್ತು, ಪಶ್ಚಿಮಭಾಗ ಸರ್ಕಾರದ ವಶದಲ್ಲಿತ್ತು. ರಷ್ಯಾ ಅಧ್ಯಕ್ಷ ಅಸಾದರ ಬೆನ್ನಿಗೆ ನಿಂತರೆ, ಅಮೆರಿಕ ಬಂಡುಕೋರರ ಕೆಲವು ಗುಂಪುಗಳಿಗೆ ನೆರವಾಯಿತು. ಆದರೂ ಉಗ್ರಗಾಮಿಗಳು ಇಬ್ಬರಿಗೂ ವೈರಿಗಳೇ ಆಗಿದ್ದರು. ಈ ಸಮಾನ ಹಿತದ ಆಧಾರದ ಮೇಲೆ 2016ರ ಸೆಪ್ಟೆಂಬರ್ 9ರಂದು ಜಿನೀವಾದಲ್ಲಿ ಜಾನ್ ಕೆರಿ ಮತ್ತು ಸೆರ್ಗೆಯಿ ಲಾವ್ರೊವ್ ಒಂದು ಒಪ್ಪಂದಕ್ಕೆ ಬಂದರು: ಏಳು ದಿನ ಕದನ ತಣ್ಣಗಾದರೆ, ಉಭಯ ದೇಶಗಳೂ ಕೂಡಿ ಉಗ್ರರ ಮೇಲೆ ದಾಳಿಯನ್ನು ಯೋಜಿಸುವುದು. ಆದರೆ 17ರಂದು ಅಮೆರಿಕ ನೇತೃತ್ವದ ವಿಮಾನಗಳು ದೇರ್ ಎಜ್ಜೋರ್ ಬಳಿ ಸಿರಿಯಾದ ಸೈನಿಕರನ್ನೇ ಕೊಂದವು. 19ರಂದು ಅಲೆಪ್ಪೊ ಸಮೀಪ ಪರಿಹಾರ ಸಾಮಗ್ರಿಯ ಲಾರಿಗಳ ಮೇಲೆ ದಾಳಿಯಾಯಿತು. ಒಪ್ಪಂದ ಮುರಿದುಬಿತ್ತು, ಡಿಸೆಂಬರ್‌ನಲ್ಲಿ ಪೂರ್ವ ಅಲೆಪ್ಪೊ ಬರಿದಾಯಿತು.

ಸಂಧಾನದ ಮೇಜಿನತ್ತ ವಾದ್‌ರ ಕ್ಯಾಮೆರಾ ಹೋಗುವುದೇ ಇಲ್ಲ. ವೈದ್ಯನಾದ ಪತಿ ಹಂಜಾ ನಡೆಸುವ ಆಸ್ಪತ್ರೆಯಲ್ಲೇ ಅವರ ಸಂಸಾರ. 2016ರ ಜನವರಿಯಲ್ಲಿ ಹುಟ್ಟಿದ ಮಗಳಿಗೆ ಬರೆದ ಪತ್ರದಂತೆ ಚಿತ್ರ ಸಾಗುತ್ತದೆ. ಸಮಾ ಎಂದರೆ ಅರಬ್ಬಿಯಲ್ಲಿ ಆಕಾಶ. ಬಲಿಷ್ಠ ರಾಷ್ಟ್ರಗಳು ಈ ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಆ ಆಕಾಶದಲ್ಲಿ, ವಿಮಾನದ ಸದ್ದಾಗಿ ಮಾತ್ರ.

ಒಂದು ದೃಶ್ಯವನ್ನು ಮರೆಯಲಾಗದು. ಗಾಯಗೊಂಡ ತುಂಬುಗರ್ಭಿಣಿಯ ಹೊಟ್ಟೆ ಕೊಯ್ದು ಮಗುವನ್ನು ಹೊರತೆಗೆಯುತ್ತಾರೆ. ಮಗುವಿನಲ್ಲಿ ಚಲನೆಯಿಲ್ಲ. ವೈದ್ಯರು ಉಜ್ಜುತ್ತಾರೆ, ತಲೆಕೆಳಗು ಮಾಡಿ ತಟ್ಟುತ್ತಾರೆ. ನಾವು ಆಸೆ ಬಿಟ್ಟ ಗಳಿಗೆಯಲ್ಲಿ ಅದು ಅಳುತ್ತದೆ. ಆ ಅಳುವಿನ ಮುಂದೆ ‘ಸಮಾನ ಹಿತ’ ಎಂಬ ಮಾತು ಎಷ್ಟು ಬಡವಾಗಿ ಕೇಳಿಸುತ್ತದೆ! ಯಾರ ಹಿತ, ಯಾರೊಡನೆ ಸಮಾನ?

ಆದರೂ ಚಿತ್ರದಲ್ಲಿ ಒಂದು ಕೊರತೆಯಿದೆ. ಪೂರ್ವಭಾಗದಲ್ಲಿದ್ದ ಸಶಸ್ತ್ರ ಗುಂಪುಗಳ ಅಪರಾಧಗಳ ಬಗ್ಗೆ ಅದು ಹೆಚ್ಚು ಮಾತನಾಡುವುದಿಲ್ಲ. ಕ್ರೈಸ್ತರಲ್ಲಿ ಬಹುಮಂದಿ ವಾಸವಿದ್ದ ಪಶ್ಚಿಮಭಾಗಕ್ಕೂ ಶೆಲ್‌ಗಳು ಬಿದ್ದವು. 2013ರ ಏಪ್ರಿಲ್‌ನಲ್ಲಿ ಅಲೆಪ್ಪೊದ ಇಬ್ಬರು ಆರ್ಥೊಡಾಕ್ಸ್ ಮಹಾಧರ್ಮಾಧ್ಯಕ್ಷರ ಅಪಹರಣವಾಯಿತು. ಆ ಕಡೆಯ ತಾಯಂದಿರ ಕಣ್ಣೀರು ಇಲ್ಲಿಲ್ಲ. ಹಾಗೆಂದು ನಾವು ನಮ್ಮವರ ನೋವನ್ನಷ್ಟೇ ಎಣಿಸುತ್ತಾ ಕುಳಿತರೆ, ಜಿನೀವಾದ ಲೆಕ್ಕಾಚಾರಕ್ಕೂ ನಮ್ಮದಕ್ಕೂ ವ್ಯತ್ಯಾಸವೇನು ಉಳಿದೀತು?

ಬಲಿಷ್ಠರು ಕೂಡಿ ಮಾತನಾಡುವುದೇ ತಪ್ಪೆಂದು ನಾನು ಹೇಳಲಾರೆ. 2013ರಲ್ಲಿ ಇದೇ ಇಬ್ಬರು ಜಿನೀವಾದಲ್ಲಿ ಮಾಡಿಕೊಂಡ ಇನ್ನೊಂದು ಒಪ್ಪಂದದಿಂದ ಸಿರಿಯಾದ ಬಹುಪಾಲು ರಾಸಾಯನಿಕ ಅಸ್ತ್ರಗಳು ಹೊರಹೋದವು. ಎಲ್ಲವೂ ಹೋಗಲಿಲ್ಲವೆಂಬುದು ಮುಂದೆ ತಿಳಿಯಿತು. ಆದರೆ ಒಪ್ಪಂದವನ್ನು ಅಳೆಯಬೇಕಾದುದು ಮೇಜಿನ ಬಳಿ ಇಲ್ಲದವರ ಪಾಲಿಗೆ ಏನು ಬಂತು ಎಂಬುದರಿಂದ. 2024ರ ಡಿಸೆಂಬರ್‌ನಲ್ಲಿ ಅಸಾದ್ ಮಾಸ್ಕೊಗೆ ಓಡಿಹೋದರು. ಅವರಿಗೆ ಆಶ್ರಯ ಸಿಕ್ಕಿತು. ಆಸ್ಪತ್ರೆಯ ನೆಲದ ಮೇಲೆ ಪ್ರಾಣಬಿಟ್ಟ ಮಕ್ಕಳಿಗೆ ಸಿಗಲಿಲ್ಲ.

ಓದುಗರೇ, ಎಳೆಯ ಮಕ್ಕಳೊಂದಿಗೆ ನೋಡುವ ಚಿತ್ರ ಇದಲ್ಲ. ಹಿರಿಯರು ನೋಡಿ. ಮುಂದೊಮ್ಮೆ ಯಾವುದೋ ದೇಶದ ಕದನವಿರಾಮದ ಸುದ್ದಿ ಓದುವಾಗ, ಅದರಲ್ಲಿ ಯಾರ ಹೆಸರಿಲ್ಲವೆಂದು ಹುಡುಕುವ ಅಭ್ಯಾಸವಾದೀತು.