ಪ್ರಾದೇಶಿಕ ಅಸಮತೆಯ ಅಳತೆ: ನಂಜುಂಡಪ್ಪ ವರದಿಯ ವಿಮರ್ಶೆ

ಸರಕಾರಿ ಸಮಿತಿಗಳ ವರದಿಗಳನ್ನು ಗ್ರಂಥಗಳೆಂದು ಭಾವಿಸಿ ವಿಮರ್ಶಿಸುವ ಪದ್ಧತಿ ಕನ್ನಡದಲ್ಲಿ ಹೆಚ್ಚಾಗಿ ಬೆಳೆದಿಲ್ಲ. ವರದಿ ಹೊರಬಿದ್ದ ದಿನ ಅದರ ಶಿಫಾರಸುಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ; ಕೆಲಕಾಲ ವಿಧಾನಮಂಡಲದಲ್ಲಿ ಅದರ ಹೆಸರು ಕೇಳಿಬರುತ್ತದೆ; ಅನಂತರ ಅದು ಕಪಾಟು ಸೇರುತ್ತದೆ. ಈ ಸಾಮಾನ್ಯ ಗತಿಗೆ ಅಪವಾದವಾದುದು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕಗೊಂಡು, 2002ರಲ್ಲಿ ವರದಿಯೊಪ್ಪಿಸಿದ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿಯ ಕೃತಿ. ಎರಡು ದಶಕಗಳು ಕಳೆದ ಮೇಲೂ ಕರ್ನಾಟಕದಲ್ಲಿ ಅನುದಾನದ ಮಾತು ಎದ್ದಾಗಲೆಲ್ಲ ಅದರ ನಾಮಸ್ಮರಣೆ ನಡೆಯುತ್ತದೆ. ಆದರೆ ಅದರ ವಾದಸರಣಿಯನ್ನು ಓದಿ ತೂಗಿ ನೋಡಿದವರು ವಿರಳ.

ವರದಿಯ ಹಿನ್ನೆಲೆ ಸುಪರಿಚಿತವಾದುದೇ. 1956ರ ನವೆಂಬರ್ 1ರಂದು ಒಂದುಗೂಡಿದ ರಾಜ್ಯಕ್ಕೆ ಐದು ಆಡಳಿತಗಳಿಂದ ಪ್ರದೇಶಗಳು ಬಂದು ಸೇರಿದುವು. ಹಳೆಯ ಮೈಸೂರು ವಿದ್ಯುತ್ತು, ಕೈಗಾರಿಕೆ, ವಿಶ್ವವಿದ್ಯಾನಿಲಯಗಳ ಸಂಪತ್ತಿನೊಡನೆ ಬಂದಿತು. 1948ರ ಸೆಪ್ಟೆಂಬರಿನವರೆಗೂ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮಾತೃಭಾಷೆಯಲ್ಲಿ ಕಲಿಯುವ ಅವಕಾಶವನ್ನೇ ಸರಿಯಾಗಿ ಕಾಣದೆ ಬಂದುವು. ಭಾಷೆ ಇವರನ್ನು ಕೂಡಿಸಿತು. ಪಿತ್ರಾರ್ಜಿತ ಮಾತ್ರ ಸಮನಾಗಿರಲಿಲ್ಲ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗಲೂ ಈ ಅಸಮತೆ ಹಾಗೆಯೇ ಉಳಿದಿತ್ತು. ಅದರ ದೂರು ಉತ್ತರ, ದಕ್ಷಿಣಗಳೆಂಬ ಎರಡು ಪಕ್ಷಗಳ ವ್ಯಾಜ್ಯವಾಗಿ ಬೆಳೆಯುತ್ತ ಬಂದಿತು.

ಈ ವ್ಯಾಜ್ಯದಿಂದ ವಿಷಯವನ್ನು ಬಿಡಿಸಿ ತಂದುದೇ ವರದಿಯ ಮೊದಲ ಹಿರಿಮೆ. ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಮಾನವಾಗಿ ಹಿಡಿಯಿತು. ಕೃಷಿ, ಕೈಗಾರಿಕೆ-ವ್ಯಾಪಾರ-ಹಣಕಾಸು, ಆರ್ಥಿಕ ಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ಐದು ವಿಭಾಗಗಳಲ್ಲಿ 35 ಸೂಚಕಗಳನ್ನು ಆರಿಸಿಕೊಂಡು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಸೂಚ್ಯಂಕವನ್ನು ಕಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ನಿರ್ಣಯವಾಯಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಈ 114ರಲ್ಲಿ ಉತ್ತರಕ್ಕೆ ಸೇರಿದವು 59, ದಕ್ಷಿಣಕ್ಕೆ ಸೇರಿದವು 55. ಬೆಂಗಳೂರಿನ ಮಗ್ಗುಲಲ್ಲಿರುವ ಕನಕಪುರ, ಮಾಗಡಿಗಳು ರಾಯಚೂರು ಜಿಲ್ಲೆಯ ದೇವದುರ್ಗದೊಡನೆ ಒಂದೇ ಪಟ್ಟಿಯಲ್ಲಿ ಕುಳಿತುವು. ಆದರೂ ಸತ್ಯವನ್ನು ಮಸುಕುಗೊಳಿಸುವ ಸಮತೋಲನವಾಗಿರಲಿಲ್ಲ ಅದು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗವೊಂದಕ್ಕೇ ಸೇರಿದವು. ದೂರಿನ ಸ್ಥಾನದಲ್ಲಿ ಅಳತೆಯನ್ನು ತಂದಿಟ್ಟ ಈ ಕಾರ್ಯಕ್ಕೆ ಕರ್ನಾಟಕ ಋಣಿಯಾಗಿರಬೇಕು.

ಇಷ್ಟನ್ನು ಒಪ್ಪಿದ ಬಳಿಕ ಅಳತೆಗೋಲನ್ನೇ ಪರೀಕ್ಷಿಸುವುದು ವಿಮರ್ಶಕನ ಕರ್ತವ್ಯವಾಗುತ್ತದೆ. ಲಕ್ಷ ಜನಕ್ಕೆ ಎಷ್ಟು ದೂರವಾಣಿ, ಎಷ್ಟು ಅಂಚೆ ಕಚೇರಿ, ಎಷ್ಟು ಬ್ಯಾಂಕು ಶಾಖೆ. ನೂರು ಚದರ ಕಿಲೋಮೀಟರಿಗೆ ಎಷ್ಟು ರಸ್ತೆ. ತಲಾ ಎಷ್ಟು ಠೇವಣಿ, ಇವೇ ಮೊದಲಾದವು ವರದಿಯ ಸೂಚಕಗಳು. ಇವುಗಳಲ್ಲಿ ಬಹುಪಾಲು ಸೂಚಕಗಳಿಗೆ ಒಂದು ಸಮಾನ ಲಕ್ಷಣವಿದೆ. ಅವು ತಾಲ್ಲೂಕಿನಲ್ಲಿ ನಿಂತಿರುವುದನ್ನು ಎಣಿಸುತ್ತವೆ. ತಾಲ್ಲೂಕಿನಿಂದ ಹೊರಟುಹೋಗುವುದನ್ನು ಎಣಿಸುವುದಿಲ್ಲ. ಕೆರೆಯಲ್ಲಿ ನೀರೆಷ್ಟಿದೆಯೆಂದು ಅಳೆದವನು ತೂಬು ತೆರೆದಿದೆಯೆ ಮುಚ್ಚಿದೆಯೆ ಎಂದು ನೋಡದೆ ಹೋದರೆ, ಅಳತೆ ಸುಳ್ಳಲ್ಲವಾದರೂ ಪರಿಹಾರ ತಪ್ಪುವ ಸಂಭವವುಂಟು. ವರದಿಯ ಮುಖ್ಯ ದೋಷ ಇಲ್ಲಿದೆ.

ಠೇವಣಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ತಲಾ ಠೇವಣಿ ಹೆಚ್ಚಿದ್ದರೆ ತಾಲ್ಲೂಕು ಮುಂದುವರಿದಿದೆಯೆಂಬುದು ವರದಿಯ ಗ್ರಹಿಕೆ. ಕರಾವಳಿಯ ಇತಿಹಾಸ ಈ ಗ್ರಹಿಕೆಗೆ ಒಂದು ತಿದ್ದುಪಡಿಯನ್ನು ಬೇಡುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಅಲ್ಲಿಯೇ ಸಿಂಡಿಕೇಟ್ ಬ್ಯಾಂಕು ಹುಟ್ಟಿದುವು. ಈ ನಾಡಿನ ಬ್ಯಾಂಕುಗಳನ್ನು ತುಂಬಿಸಿದ ಹಣದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ದುಡಿದವರ ಮತ್ತು ಮುಂದೆ ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಉಳಿತಾಯದ ಪಾಲು ದೊಡ್ಡದು. ಊರಿನಲ್ಲಿ ಠೇವಣಿ ಬೆಳೆಯಿತು. ಅದರ ಪ್ರಮಾಣಕ್ಕೆ ತಕ್ಕಂತೆ ಊರಿನಲ್ಲಿ ಸಾಲ ಬೆಳೆಯಲಿಲ್ಲ. ಕರಾವಳಿಯ ಎರಡು ಜಿಲ್ಲೆಗಳಲ್ಲಿ ಸಾಲ-ಠೇವಣಿ ಅನುಪಾತ ತಗ್ಗಾಗಿರುವುದು ಬ್ಯಾಂಕು ವ್ಯವಹಾರ ಬಲ್ಲವರಿಗೆ ಹಳೆಯ ಸಂಗತಿ. ಮಗ ಊರು ಬಿಟ್ಟು ಕಳುಹಿಸಿದ ಹಣವನ್ನು ಊರಿನ ಅಭಿವೃದ್ಧಿಯೆಂದು ಎಣಿಸಬಹುದು; ಅವನಿಗೆ ಊರಿನಲ್ಲಿ ಕೆಲಸವಿರಲಿಲ್ಲವೆಂಬುದನ್ನು ಯಾವ ಅಂಕಣದಲ್ಲಿ ಬರೆಯಬೇಕು? ವರದಿ ಸಾಲವನ್ನೂ ಠೇವಣಿಯನ್ನೂ ಗುಣಗಳೆಂದು ಕೂಡಿಸುತ್ತದೆ. ಅವೆರಡರ ನಡುವಿನ ಅಂತರ ಹೇಳುವ ಕಥೆಯನ್ನು ಕೇಳುವುದಿಲ್ಲ.

ಹಣಕ್ಕಿಂತ ಮಿಗಿಲಾದುದು ಜನ. ಯಾದಗಿರಿ, ಶೋರಾಪುರ, ದೇವದುರ್ಗಗಳ ಕಡೆಯಿಂದ ಸುಗ್ಗಿ ಮುಗಿದೊಡನೆ ಕುಟುಂಬಗಳು ಬೆಂಗಳೂರು, ಹೈದರಾಬಾದು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಕಟ್ಟುವುದು ವರ್ಷವರ್ಷದ ನೋಟ. ಇದನ್ನು ‘ಗುಳೆ’ ಎನ್ನುತ್ತಾರೆ. ಸೂಚ್ಯಂಕದಲ್ಲಿ ಗುಳೆಗೆ ಸ್ಥಾನವಿಲ್ಲ. ಅದಕ್ಕೂ ವಿಚಿತ್ರವಾದುದು ತಲಾ ಲೆಕ್ಕದ ಸ್ವಭಾವ. ಜನ ಶಾಶ್ವತವಾಗಿ ಊರು ಬಿಟ್ಟರೆ ಉಳಿದವರ ಪಾಲಿಗೆ ಆಸ್ಪತ್ರೆಯ ಹಾಸಿಗೆಯೂ ಅಂಚೆ ಕಚೇರಿಯೂ ಹೆಚ್ಚುತ್ತವೆ. ಒಂದು ಹಾಸಿಗೆಯನ್ನೂ ಹಾಕದೆ ತಾಲ್ಲೂಕು ‘ಮುಂದುವರಿಯುತ್ತದೆ’. ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಮಾಣವನ್ನು ಸಮಿತಿ ಎಣಿಸಿದೆ. ಗುಳೆಯ ನೆರಳು ಬಿದ್ದಿರುವುದು ಆ ಒಂದು ಸೂಚಕದ ಮೇಲೆ. ಆದರೆ ಮಗು ಶಾಲೆಯಲ್ಲಿಲ್ಲದಿರುವುದು ಶಾಲೆಯ ಕೊರತೆಯಿಂದಲೋ, ತಾಯಿತಂದೆಗಳೊಡನೆ ಪರಊರಿಗೆ ಹೋದುದರಿಂದಲೋ ಎಂಬುದನ್ನು ಆ ಅಂಕಿ ಹೇಳಲಾರದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75ನ್ನು ದಾಟಿದ್ದಾಗ ಯಾದಗಿರಿ ಜಿಲ್ಲೆಯದು ಶೇಕಡ 52ರಷ್ಟೂ ಇರಲಿಲ್ಲ. ಹೊಸ ಕೊಠಡಿಗಳಿಂದ ಮಾತ್ರ ತುಂಬುವ ಅಂತರವಲ್ಲ ಇದು.

ಮೂರನೆಯದು ಭೂಮಿಯ ಸಂಪತ್ತು. ಬಳ್ಳಾರಿ ಜಿಲ್ಲೆಯ ಸಂಡೂರು ವರದಿಯ ಹಿಂದುಳಿದ ತಾಲ್ಲೂಕುಗಳಲ್ಲಿ ಒಂದು. ಉತ್ತಮ ಕಬ್ಬಿಣದ ಅದಿರಿಗೆ ಹೆಸರಾದ ನಾಡೂ ಅದೇ. ವರದಿ ಹೊರಬಿದ್ದ ಕೆಲವೇ ವರ್ಷಗಳಲ್ಲಿ ಅದಿರಿನ ಬೆಲೆ ಏರಿ, ಲಾರಿಗಳ ಸಾಲು ಬಂದರುಗಳ ಕಡೆಗೆ ಹರಿಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ ಕೆಲವೇ ವರ್ಷಗಳಲ್ಲಿ ಆದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಖ್ಯಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಈ ಮೊತ್ತವನ್ನು ನಂಜುಂಡಪ್ಪ ಸಮಿತಿಯ ಬೇಡಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಸಮಿತಿ ಎಂಟು ವರ್ಷಗಳಿಗೆ ಕೇಳಿದುದು 31,000 ಕೋಟಿ. ಅದರಲ್ಲಿ 15,000 ಕೋಟಿ ಮಾಮೂಲು ಯೋಜನೆಯಿಂದ ಬರತಕ್ಕದ್ದು, ಹೊಸದಾಗಿ ಒದಗಿಸಬೇಕಾದುದು 16,000 ಕೋಟಿ. 114 ತಾಲ್ಲೂಕುಗಳ ಉದ್ಧಾರಕ್ಕೆ ಬೇಕೆಂದ ಹೆಚ್ಚಿನ ಹಣವೂ, ಅದಿರಿನ ದಾರಿಯಲ್ಲಿ ಸೋರಿಹೋದ ಹಣವೂ ಹೆಚ್ಚುಕಡಿಮೆ ಒಂದೇ. ಬಡತನವೆಂದರೆ ಹಣ ಬಾರದಿರುವುದಷ್ಟೇ ಅಲ್ಲ, ಇದ್ದುದು ನಿಲ್ಲದಿರುವುದೂ ಹೌದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಹೊರಹರಿವನ್ನು ಗಣಿಸದ ಅಳತೆಯಿಂದ ಹುಟ್ಟಿದ ಪರಿಹಾರವೂ ಸಹಜವಾಗಿ ಒಂದು ಮೊತ್ತದ ರೂಪವನ್ನೇ ತಾಳಿತು. ಮಹಾರಾಷ್ಟ್ರದ ಅನುಭವವೂ ಇದಕ್ಕೆ ಹತ್ತಿರವಾದುದು. ಅಲ್ಲಿ ವಿ. ಎಂ. ದಾಂಡೇಕರರ ಸಮಿತಿ 1984ರಲ್ಲಿ ಜಿಲ್ಲೆಗಳ ಹಿಂದುಳಿಕೆಯನ್ನು ‘ಬಾಕಿ’ಯೆಂದು ಲೆಕ್ಕಹಾಕಿ, 3,186 ಕೋಟಿ ರೂಪಾಯಿಗಳ ಅಂಕಿಯನ್ನು ಮುಂದಿಟ್ಟಿತು. ಮುಂದಿನ ದಶಕಗಳ ವಿದರ್ಭ, ಮರಾಠವಾಡಾಗಳ ಚರ್ಚೆ ಬಹುಮಟ್ಟಿಗೆ ಆ ಬಾಕಿಯ ಸುತ್ತಲೇ ತಿರುಗಿತು. ಕರ್ನಾಟಕದಲ್ಲಿಯೂ 31,000 ಕೋಟಿ ಎಂಬುದು ವರದಿಯ ಸಾರವಾಗಿ ಪರಿಣಮಿಸಿತು. ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದುದು 2007-08ರಲ್ಲಿ, ವರದಿ ಬಂದ ಐದು ವರ್ಷಗಳ ಮೇಲೆ. ಅಷ್ಟರಲ್ಲಿ ಬೆಲೆಯೇರಿಕೆ ಆ ಮೊತ್ತದ ಒಂದು ಪಾಲನ್ನು ಸದ್ದಿಲ್ಲದೆ ನುಂಗಿತ್ತು. ಅನಂತರವೂ ಹಂಚಿಕೆಗಿಂತ ಬಿಡುಗಡೆ, ಬಿಡುಗಡೆಗಿಂತ ವೆಚ್ಚ ಕಡಿಮೆಯಾಗುತ್ತ ನಡೆಯಿತು. ಮೊತ್ತವನ್ನು ಸ್ಮರಿಸುವವರು ಈ ಮೂರು ಮೆಟ್ಟಲುಗಳನ್ನು ಸ್ಮರಿಸುವುದು ಅಪರೂಪ.

ಸಂವಿಧಾನದ 371ಜೆ ಅನುಚ್ಛೇದ ಈ ಕೊರತೆಯನ್ನು ಭಾಗಶಃ ತಿದ್ದಿತೆನ್ನಬೇಕು. 98ನೆಯ ತಿದ್ದುಪಡಿಯಾಗಿ 2012ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಅದು ಹೈದರಾಬಾದು ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನಷ್ಟೇ ಅಲ್ಲದೆ, ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಸ್ಥಳೀಯರಿಗೆ ಮೀಸಲಾತಿಯನ್ನು ಒದಗಿಸಿತು. ಓದಿದವನು ಊರಿನಲ್ಲಿಯೇ ನಿಲ್ಲಲು ಕಾರಣವನ್ನು ಒದಗಿಸಿದ ಮೊದಲ ಪ್ರಯತ್ನವಿದು. ಆದರೆ ಮೀಸಲಾತಿ ಓದಿದವನನ್ನು ತಲುಪುತ್ತದೆ; ಗುಳೆ ಹೋಗುವವನು ಓದುವ ಮೊದಲೇ ಊರು ಬಿಟ್ಟಿರುತ್ತಾನೆ. 2019ರಲ್ಲಿ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರಿಟ್ಟುದರಿಂದ ಈ ಕ್ರಮ ಬದಲಾಗಲಿಲ್ಲ.

ಸಮಿತಿಯ ಪರವಾಗಿ ಒಂದು ಮಾತನ್ನು ಹೇಳಲೇಬೇಕು. 2002ರಲ್ಲಿ ತಾಲ್ಲೂಕು ಮಟ್ಟದ ಅಂಕಿಗಳು ದೊರೆತುದೇ ಕಷ್ಟದಿಂದ. ಹೊರಹೋಗುವುದರ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿರಲಿಲ್ಲ. ದೊರೆತುದನ್ನು ಪ್ರಾಮಾಣಿಕವಾಗಿ ಅಳೆದವರನ್ನು ದೊರೆಯದುದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ದೋಷ ಹೆಚ್ಚಾಗಿರುವುದು ಆ ಅಳತೆಯನ್ನು ಶಾಶ್ವತವೆಂದು ನಂಬಿದವರಲ್ಲಿ. ಕೈಕೈಗೂ ಮೊಬೈಲು ಬಂದ ಮೇಲೆ ದೂರವಾಣಿಯ ಸೂಚಕಕ್ಕೆ ಅರ್ಥವಿಲ್ಲ. ಆದರೂ 2002ರ ಪಟ್ಟಿಯೇ ವರ್ಷಗಳ ಕಾಲ ಅನುದಾನದ ಆಧಾರವಾಗಿ ಉಳಿಯಿತು. ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಕವಾದುದು 2024ರಲ್ಲಿ. ಇಂಥ ಯಾವ ಹೊಸ ಅಳತೆಯನ್ನೂ ಓದುಗರು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು: ಇಲ್ಲಿಯ ಠೇವಣಿಯಲ್ಲಿ ಎಷ್ಟು ಇಲ್ಲಿಯೇ ಸಾಲವಾಗುತ್ತದೆ? ಇಲ್ಲಿಯ ಅದಿರು, ಬೆಳೆಗಳ ಬೆಲೆಯಲ್ಲಿ ಎಷ್ಟು ಇಲ್ಲಿ ಉಳಿಯುತ್ತದೆ? ವರ್ಷದ ಹನ್ನೆರಡು ತಿಂಗಳಲ್ಲಿ ಇಲ್ಲಿಯವರು ಎಷ್ಟು ತಿಂಗಳು ಇಲ್ಲಿರುತ್ತಾರೆ? ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕಿನ ಜಿಲ್ಲಾವಾರು ಅಂಕಿಗಳಲ್ಲಿಯೇ ಉತ್ತರವಿದೆ. ಉಳಿದೆರಡಕ್ಕೆ ಉತ್ತರ ಬೇಕೆಂಬ ಇಚ್ಛೆ ಮೊದಲು ಹುಟ್ಟಬೇಕು.

ಹೊರನಾಡಿನ ಕನ್ನಡಿಗರು ಈ ವರದಿಯನ್ನು ದೂರದ ತವರಿನ ವಿಷಯವೆಂದು ಓದುವುದುಂಟು. ವಾಸ್ತವದಲ್ಲಿ ಅದರಲ್ಲಿ ಬಿಟ್ಟುಹೋದ ಅಂಕಣ ಅವರದೇ. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನೂ, ಅದೇ ನಗರದಲ್ಲಿ ಏಳುತ್ತಿರುವ ಗೋಡೆಗೆ ಇಟ್ಟಿಗೆ ಹೊರುತ್ತಿರುವ ಯಾದಗಿರಿಯ ಹೆಣ್ಣುಮಗಳೂ ಒಂದೇ ಹೊರಹರಿವಿನ ಎರಡು ಕವಲುಗಳು. ಮೊದಲನೆಯವನಿಗೆ ಸಂಘವಿದೆ, ಪತ್ರಿಕೆಯಿದೆ. ಎರಡನೆಯವಳಿಗೆ ಎರಡೂ ಇಲ್ಲ. ಅವಳನ್ನು ಎಣಿಸದ ಲೆಕ್ಕ ಎಷ್ಟು ಕೋಟಿಗಳದ್ದಾದರೂ ಅಪೂರ್ಣವೇ.